ಎರಡು ಖಾಲಿ ಕುರ್ಚಿಗಳ ಮುಂದೆ

ಕೊಡಗಿನಲ್ಲಿ ಅರೆಭಾಷೆ ಆಡುವ ನಮಗೆ ಅರೆ ಮ್ಯಾರಥಾನೇ ಸರಿ ಎಂದು ನಾನು ತಮಾಷೆ ಮಾಡಿದಾಗ ದೊಡ್ಡಪ್ಪ ನಗಲಿಲ್ಲ. ಸೈನ್ಯದಲ್ಲಿ ಸುಬೇದಾರರಾಗಿದ್ದ ಅವರಿಗೆ ಅರ್ಧಂಬರ್ಧ ಕೆಲಸ ಕಂಡರಾಗದು. ಆದರೂ ಮಳೆ ನಿಂತ ಮೇಲೆ ದಿನಾ ಬೆಳಿಗ್ಗೆ ಹಳೆಯ ಸ್ಕೂಟರಿನಲ್ಲಿ ನನ್ನ ಬೆನ್ನಿಗೇ ಬಂದು ಗಾಳಿಬೀಡಿನ ಏರು ಹತ್ತಿಸಿದರು. ಆ ಏರಿನಲ್ಲಿ ನನ್ನ ಪುಪ್ಪುಸದ ಮಟ್ಟಿಗೆ ಮಾತ್ರ ಗಾಳಿ ಬೀಡು ಬಿಟ್ಟಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅವರ ಹೃದಯ ಕೈಕೊಟ್ಟಿತು. ಓಟದ ಮರುದಿನವೇ ಮೈಸೂರಿನಲ್ಲಿ ಆಪರೇಷನ್. ಈ ವಯಸ್ಸಿಗೆ ಏನೂ ಹೇಳಲಾಗದು ಎಂದು ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದ್ದರು; ಒಳಗಿದ್ದ ದೊಡ್ಡಪ್ಪನಿಗೂ ಅದು ಕೇಳಿಸಿತ್ತು. ಹೋಗುವ ಮೊದಲು ನಾನು ಸ್ಪರ್ಧೆಯಲ್ಲಿ ಓಡುವುದನ್ನು ಒಮ್ಮೆ ನೋಡಬೇಕು ಎಂದಷ್ಟೇ ಅವರು ಕೇಳಿಕೊಂಡರು. ಓಟದ ದಾರಿ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು, ಹದಿನಾಲ್ಕನೇ ಕಿಲೋಮೀಟರಿನಲ್ಲಿ. ಅಲ್ಲಿ ಎರಡು ಕುರ್ಚಿ ಹಾಕಿಸುವುದೆಂದಾಯಿತು. ಒಂದು ಅವರಿಗೆ, ಇನ್ನೊಂದು ಅವರ ಗೆಳೆಯ, ಮುಂದಿನ ಮನೆಯ ಕುಶಾಲಪ್ಪಜ್ಜನಿಗೆ.

"ನೀ ನಡೆಯೂದು ಕಂಡ್ರೆ ನಾ ಕುರ್ಚಿ ಎತ್ಕೊಂಡು ಒಳಗೆ ಹೋದೆ, ತಿಳ್ಕೊ" ಎಂದರು ದೊಡ್ಡಪ್ಪ.

ಮಡಿಕೇರಿಯಿಂದ ಹೊರಟಾಗ ಮಂಜು ರಸ್ತೆಯ ಮೇಲೇ ಮಲಗಿತ್ತು. ನನ್ನ ಪಕ್ಕಕ್ಕೆ ಸಿಕ್ಕವಳು ಬೆಂಗಳೂರಿನ ಹುಡುಗಿ. ಇದು ಅವಳ ಆರನೇ ಓಟವಂತೆ, ನನ್ನದು ಮೊದಲನೆಯದು. ಕಾಲು ಸೋತಾಗಲೆಲ್ಲ ನಾನು ದೊಡ್ಡಪ್ಪನ ದನಿ ತೆಗೆದು ನನ್ನನ್ನೇ ಗದರಿಸಿಕೊಳ್ಳುತ್ತಿದ್ದೆ. "ಏ ಸಿಂಚನಾ, ಕಾಲು ರಸ್ತೆಗೆ ಬಾಡಿಗೆ ಕೊಟ್ಟಿದ್ದೀಯಾ? ಎತ್ತು." ಆ ಗೊಗ್ಗರು ದನಿ, ನಡುವೆ ಒಂದು ಕೆಮ್ಮು, ಎಲ್ಲ ಹಾಗೆಯೇ. ಬೆಂಗಳೂರಿನವಳು ಬಿದ್ದು ಬಿದ್ದು ನಕ್ಕು, ಇನ್ನೊಮ್ಮೆ ಮಾಡಿ ಎಂದಳು.

ಹನ್ನೊಂದನೇ ಕಿಲೋಮೀಟರಿನ ಕಲ್ಲು ದಾಟುವಾಗ ಕೆಳಗಿನ ತೋಟಗಳ ಕಡೆಯಿಂದ ಗುಂಡಿನ ಸದ್ದು ಬಂತು. ಒಂದು. ಉಸಿರು ಎಳೆಯುವಷ್ಟರಲ್ಲಿ ಇನ್ನೊಂದು.

ಪಕ್ಕದ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದವರ ಕೈ ನಿಂತಿತು. ನೀರು ಕೊಡಲು ನಿಂತಿದ್ದ ನಮ್ಮೂರಿನ ನಾಣಯ್ಯ ತಲೆಯ ಟೋಪಿ ತೆಗೆದ. ಬೆಂಗಳೂರಿನವಳು ಮಾತ್ರ ನಮಗೇ ಸೆಲ್ಯೂಟ್ ಕೊಟ್ಟರೆಂದು ಚಪ್ಪಾಳೆ ತಟ್ಟಿದಳು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೇಳಿದವರು ಮನೆಗೊಬ್ಬರಂತೆ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೋಗಬೇಕು ಎಂದು ಅವಳಿಗೆ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಯಾರ ಮನೆ ಎಂದು ನಾಣಯ್ಯನನ್ನು ಕೇಳಿದೆ. ಕಣಿವೆಯಲ್ಲಿ ಸದ್ದು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ ಎಂದು ಅವನು ನನ್ನ ಮುಖ ತಪ್ಪಿಸಿ ಹೇಳಿದ. ಆ ಕಡೆಗೇ ನಮ್ಮ ಮನೆ.

ಓಡಿದೆ. ದೊಡ್ಡಪ್ಪನ ದನಿ ತೆಗೆಯಲು ನೋಡಿದೆ. ಗಂಟಲಿನಿಂದ ಬಂದದ್ದು ಬರೀ ಕೆಮ್ಮು. ಅದೂ ನನ್ನದೇ. ಪಕ್ಕೆ ಹಿಡಿದಿತ್ತು, ಕಾಲಿನ ಉಗುರು ಕಿತ್ತ ಹಾಗಿತ್ತು, ಆದರೂ ಇಳಿಜಾರಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಓಡಿರಲಿಲ್ಲ. ಹಾಗೆ ಓಡುತ್ತಲೇ ನಮ್ಮ ಗೇಟಿನ ಮುಂದೆ ಬಂದೆ.

ಎರಡು ಕುರ್ಚಿಗಳಿದ್ದವು. ಎರಡೂ ಖಾಲಿ.

ಗಂಗಮ್ಮ ದೊಡ್ಡಮ್ಮ ಗೇಟಿನ ಹೊರಗೆ ಸೆರಗು ಬಾಯಿಗೊತ್ತಿ ನಿಂತಿದ್ದರು. ನನ್ನ ಮುಖ ಕಂಡದ್ದೇ ಕೈ ಆಡಿಸಿದರು. "ಅವರಲ್ಲ ಮಗ, ಅವರಲ್ಲ. ಕುಶಾಲಪ್ಪಣ್ಣ."

ನನ್ನ ಓಟ ನೋಡಲೆಂದು ಅಂಗಿ ಹಾಕಿಕೊಂಡು ಹೊರಟವರು ಹೊಸಿಲಲ್ಲೇ ಕುಸಿದರಂತೆ. ಆ ಮನೆಯಲ್ಲಿ ಕೋವಿ ಇರಲಿಲ್ಲ. ದೊಡ್ಡಪ್ಪನೇ ತಮ್ಮದನ್ನು ತೆಗೆದುಕೊಂಡು, ಬೇಡವೆಂದರೂ ಕೇಳದೆ ನಡೆದುಕೊಂಡು ಹೋಗಿ, ಗೆಳೆಯನಿಗಾಗಿ ಎರಡು ಗುಂಡು ಹಾರಿಸಿದರಂತೆ. ದೊಡ್ಡಪ್ಪನಲ್ಲ ಎಂದು ತಿಳಿದು ನನ್ನ ಎದೆ ಹಗುರಾದದ್ದಕ್ಕೆ ನನಗೇ ನಾಚಿಕೆಯಾಯಿತು.

ಕುಶಾಲಪ್ಪಜ್ಜನ ಮನೆ ರಸ್ತೆಗೆ ತಾಗಿಕೊಂಡೇ ಇದೆ. ಸಾವಿನ ಮನೆಯ ಮುಂದೆ ಯಾರೂ ಓಡುವುದಿಲ್ಲ. ಜೀಪಿನವರು ಹಾರ್ನ್ ಕೂಡ ಹೊಡೆಯುವುದಿಲ್ಲ. ಶೂ ಬಿಚ್ಚಿ ಕೈಯಲ್ಲಿ ಹಿಡಿದು ನಡೆದೆ. ನನ್ನ ಪಕ್ಕದಲ್ಲೇ ಹೊರಗಿನ ಓಟಗಾರರು ಹಾಡು ಕೇಳುತ್ತ ಓಡಿಹೋದರು.

ದೊಡ್ಡಪ್ಪ ಅಂಗಳದ ಅಂಚಿನಲ್ಲಿ ಕೋವಿ ಊರಿ ನಿಂತಿದ್ದರು. ತುಟಿ ಕಪ್ಪಾಗಿತ್ತು. ನಾನು ನಡೆದು ಬರುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಜಗಲಿಯಲ್ಲಿ ಮಲಗಿಸಿದ್ದ ಕುಶಾಲಪ್ಪಜ್ಜನ ಕಾಲು ಮುಟ್ಟಿ ಬಂದು ಅವರ ಪಕ್ಕ ನಿಂತೆ.

"ಇನ್ನೆಷ್ಟು ಉಟ್ಟು?"

"ಏಳು ಕಿಲೋಮೀಟರ್ ಇದೆ. ನಾನೂ ಇಲ್ಲೇ ಇರ್ತೇನೆ ದೊಡ್ಡಪ್ಪ."

"ಮನೆಗೊಬ್ಬರು ಸಾಕು. ನಮ್ಮ ಮನೆಯಿಂದ ನಾ ಬಂದಾಯ್ತಲ್ಲ." ಸ್ವಲ್ಪ ಹೊತ್ತು ಉಸಿರಿಗಾಗಿ ಕಾದರು. "ತಿರುವಿನವರೆಗೆ ನಡಿ. ಅಲ್ಲಿಂದ ಓಡು."

"ಅಲ್ಲಿಂದ ನಿಮಗೆ ಕಾಣೂದಿಲ್ಲ."

ಅವರು ಜಗಲಿಯ ಕಡೆ ತಿರುಗಿದರು.

ತಿರುವಿನವರೆಗೆ ನಡೆದೆ. ಬೆಳ್ಳಿಮರದ ಬುಡದಲ್ಲಿ ಕುಳಿತು ಶೂ ಕಟ್ಟಿದೆ. ಗಂಟು ಎರಡು ಸಲ ಬಿಚ್ಚಿತು. ಎದ್ದು ಓಡತೊಡಗಿದೆ. ಹೀಗೆ ಕಾಲು ಅಪ್ಪಳಿಸಿದರೆ ಮಂಡಿ ಹೋಗುತ್ತದೆ ಎಂದು ದೊಡ್ಡಪ್ಪನೇ ನೂರು ಸಲ ಬೈದಿದ್ದರು. ಆದರೂ ಒಂದೊಂದು ಹೆಜ್ಜೆಯನ್ನೂ ಡಾಂಬರಿಗೆ ಅಪ್ಪಳಿಸುತ್ತ ಓಡಿದೆ, ಅಲ್ಲಿ ನಿಂತ ಅವರಿಗೆ ಕೇಳಲಿ ಎಂದು. ಹಿಂದೆ ಆ ಮನೆಯ ಹೆಂಗಸರ ಅಳು ಒಮ್ಮೆಲೇ ಎದ್ದಿತು; ಯಾರಿಗಾಗಿ ಎಂದು ನಾನು ತಿರುಗಿ ನೋಡಲಿಲ್ಲ.