ಹುಲುಗಮ್ಮನಿಗೆ ಕೈ ಬರೆದದ್ದು

ಹೊಸಪೇಟೆಯ ಉಚ್ಚೆಂಗೆಪ್ಪ ಬಹಳ ವರ್ಷಗಳಿಂದ ಸತ್ತವರ ಚಿತ್ರವನ್ನೇ ಬರೆಯುತ್ತಿದ್ದ. ಮನೆಯವರು ಆಧಾರ್ ಕಾರ್ಡಿನ ಫೋಟೊ ತಂದುಕೊಟ್ಟರೆ ಅದನ್ನು ನೋಡಿ ಎದೆಯವರೆಗೆ ದೊಡ್ಡದು ಮಾಡಿಕೊಡುವುದು ಅವನ ಕೆಲಸ. ಮೈಬಣ್ಣ ಒಂದಿಷ್ಟು ತಿಳಿ, ಗಂಡಸಾದರೆ ಕೋಟು, ಹೆಂಗಸಾದರೆ ರೇಷ್ಮೆ ಸೀರೆ, ಕೊರಳ ತುಂಬ ಬಂಗಾರ. ಬದುಕಿದ್ದಾಗ ಇಲ್ಲದ್ದನ್ನೆಲ್ಲ ಧಾರಾಳವಾಗಿ ಹಾಕುತ್ತಿದ್ದ. ಸತ್ತವರು ಎದ್ದು ಬಂದು ತಕರಾರು ಮಾಡುವುದಿಲ್ಲವಲ್ಲ.

ಅಂಥವನ ಎದುರು ಬಂಡ್ರಿಯ ಹುಲುಗಮ್ಮ ಬಂದು ಕೂತಳು, ಜೀವಂತ. ಹೊಸ ಮನೆಯ ಪಡಸಾಲೆಗೆ ಅತ್ತೆಯ ಚಿತ್ರ ಬೇಕೆಂದು ಸೊಸೆ ಸುಧಾರಾಣಿ ಕರೆತಂದಿದ್ದಳು. ಎದುರಿಗೆ ಕೂತವರನ್ನು ಬರೆಯುವುದು ಇನ್ನೂ ತನ್ನಿಂದಾಗುತ್ತದೆಯೇ ಎಂದು ಉಚ್ಚೆಂಗೆಪ್ಪನಿಗೇ ಅನುಮಾನ. ಮುದುಕಿ ಒಂದು ಸಲ ‘ಇದು ನಾನೇ’ ಅಂದರೆ ಸಾಕು ಎಂದುಕೊಂಡು ಶುರುಮಾಡಿದ.

ಅವಳು ಸುಮ್ಮನೆ ಕೂರುವವಳಲ್ಲ. ಸಂಡೂರಿನ ಗುಡ್ಡದಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದದ್ದು, ಜರಡಿ ಆಡಿಸಿದ್ದು, ಮೇಸ್ತ್ರಿಯ ಜತೆ ಜಗಳಾಡಿದ್ದು, ಎಲ್ಲ ಹೇಳಿದಳು. ಅವನು ಹೂಂಗುಟ್ಟುತ್ತ ಬರೆದ. ಕುಂಚ ಮಾತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ.

ಸಂಜೆ ಹುಲುಗಮ್ಮ ಎದ್ದು ನೋಡಿದಳು.

“ಯಾರ್ಲೇ ತಮ್ಮಾ ಇಕಿ?”

“ನೀವೇ ಯಮ್ಮಾ.”

“ಇಷ್ಟು ಬಂಗಾರ ಇದ್ದಿದ್ರ ನಾ ಯಾಕ ಕಲ್ಲು ಒಡೀತಿದ್ದೆ?”

“ಭಾಳ ಚಂದ ಕಾಣ್ತೀರಿ ಬಿಡ್ರಿ ಅತ್ತಿ,” ಎಂದಳು ಸುಧಾರಾಣಿ.

“ಅದಕ್ಕ ನಾನಲ್ಲ ಅಂದಿದ್ದು. ಕೈ ಎಲ್ಲದಾವ ನನ್ನವು? ಕೈನ ಇಲ್ದ ಏನ್ ದುಡದಾಳ ಅಂತ ನೋಡ್ದೋರಿಗೆ ಹೆಂಗ ಗೊತ್ತಾಗ್ಬೇಕು?”

ಕ್ಯಾನ್ವಾಸು ಎದೆಗೇ ಮುಗಿದಿತ್ತು. ಉಚ್ಚೆಂಗೆಪ್ಪ ಗೊಣಗುತ್ತ ಕೆಳಗೆ ಇನ್ನೊಂದು ತುಂಡನ್ನು ಮೊಳೆ ಹೊಡೆದು ಜೋಡಿಸಿದ.

“ತೊಡಿ ಮ್ಯಾಲೆ ಕೈ ಇಡ್ರಿ.”

ಇಟ್ಟಳು. ಆಧಾರ್ ಫೋಟೊದಲ್ಲಿ ಕೈ ಇರುವುದಿಲ್ಲ. ಹಾಗಾಗಿ ಕೈ ಬರೆಯುವುದಕ್ಕೆ ಅವನಲ್ಲಿ ಯಾವ ಚಾಳಿಯೂ ಇರಲಿಲ್ಲ, ಕಂಡದ್ದನ್ನೇ ಬರೆಯಬೇಕಾಯಿತು. ಸುತ್ತಿಗೆ ಬಿದ್ದು ಚಪ್ಪಟೆಯಾದ ಹೆಬ್ಬೆರಳು, ಊದಿದ ಗೆಣ್ಣುಗಳು, ಎಷ್ಟು ತೊಳೆದರೂ ಹೋಗದೆ ಉಗುರಿನ ಸಂದಿಯಲ್ಲಿ ಕೂತ ಅದಿರಿನ ಕೆಂಪು.

ಹುಲುಗಮ್ಮ ಬಗ್ಗಿ ನೋಡಿದಳು. ಬರೆದ ಹೆಬ್ಬೆರಳಿನ ಪಕ್ಕ ತನ್ನ ಹೆಬ್ಬೆರಳು ಹಿಡಿದು ಹೋಲಿಸಿದಳು.

“ಕೈ ನನ್ನವ,” ಎಂದಳು ಆಮೇಲೆ. “ಮಾರಿ ಇನ್ನಾ ಯಾರೋ ಸಾವ್ಕಾರ್ತಿದು.”

ಉಚ್ಚೆಂಗೆಪ್ಪನಿಗೆ ನಗು ಬಂತು. ಬಣ್ಣ ಹಸಿಯಿರುವಾಗಲೇ ಟರ್ಪೆಂಟೈನ್ ಬಟ್ಟೆಯಿಂದ ಬಂಗಾರವನ್ನೆಲ್ಲ ಒರೆಸಿ ಹಾಕಿದ.

“ಕುಂದ್ರಿ ಯಮ್ಮಾ. ಮಾರಿನೂ ನೋಡೇ ಬರೀತೀನಿ.”

“ಬರಿ. ನಾ ಮಾತ್ ನಿಲ್ಸಂಗಿಲ್ಲ ಮತ್ತ.”

“ನಿಲ್ಸಬ್ಯಾಡ್ರಿ,” ಎಂದು ಅವಳ ಬಾಯಿಯನ್ನು ತೆರೆದಿದ್ದ ಹಾಗೆಯೇ ಬರೆಯತೊಡಗಿದ.