ಆಯಿ ನೋಡದ ಫೋಟೊ

ಮುತ್ಯಾ ತೀರಿಕೊಂಡ ದಿನ ತೆಗೆದ ಫೋಟೊ ಒಂದಿತ್ತು. ನಮ್ಮ ಮನೆಯಲ್ಲಿ ಅದನ್ನು ನೋಡದವಳು ಆಯಿ ಒಬ್ಬಳೇ.

ನಾವು ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ಅಜ್ಜನನ್ನು ಮುತ್ಯಾ, ಅಜ್ಜಿಯನ್ನು ಆಯಿ ಎನ್ನುತ್ತೇವೆ. ಮುತ್ಯಾ ವಿಶ್ವನಾಥಪ್ಪ ತಮ್ಮ ಆಯುಷ್ಯದ ಬಹುಭಾಗವನ್ನು ಗಡಿಯಾಚೆ ಮರಾಠಿ ಸೀಮೆಯಲ್ಲಿ, ಸಿಲ್ಲೋಡಿನ ಮಾರುಕಟ್ಟೆಯಲ್ಲಿ ಗೋಣಿಚೀಲ ಮತ್ತು ಸುತಳಿ ಹುರಿ ಮಾರುತ್ತ ಕಳೆದವರು. ಮೊದಲ ಲಾಕ್‌ಡೌನಿನಲ್ಲಿ ಅವರ ಹೃದಯ ನಿಂತಾಗ ಆಯಿ ಭಾಲ್ಕಿಯಲ್ಲಿದ್ದಳು. ಮಗಳ ಬಾಣಂತನಕ್ಕೆಂದು ಹೋದವಳು, ರಾಜ್ಯದ ಗಡಿ ಮುಚ್ಚಿದ್ದರಿಂದ ಅಲ್ಲಿಯೇ ಉಳಿಯಬೇಕಾಗಿತ್ತು. ನನ್ನ ಅಪ್ಪ ಗುರುಬಸವ ಪರವಾನಗಿ ಪಡೆದು, ನಾವಿದ್ದ ನಾಸಿಕ್ ರೋಡಿನಿಂದ ಒಬ್ಬರೇ ಹೊರಟರು. ಇಡೀ ಮಾರುಕಟ್ಟೆಗೆ ಪರಿಚಯವಿದ್ದ ಮನುಷ್ಯನ ಸಂಸ್ಕಾರಕ್ಕೆ ಸೇರಿದವರು ಒಂದು ಜೀಪಿನಲ್ಲಿ ಹಿಡಿಯುವಷ್ಟು ಜನ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮಲಗಿಸಿ ಒಯ್ಯುವುದೂ ಇಲ್ಲ. ಮೀಯಿಸಿ, ಹಣೆಗೂ ತೋಳುಗಳಿಗೂ ವಿಭೂತಿ ಹಚ್ಚಿ, ಹೊಸ ಧೋತರ ಉಡಿಸಿ, ರುಮಾಲು ಸುತ್ತಿ, ಹೂವಿನ ನಡುವೆ ಕೂರಿಸುತ್ತೇವೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿರುತ್ತದೆ. ಊರಿನವರು ಬಂದು ದರ್ಶನ ಪಡೆಯುತ್ತಾರೆ, ಭಜನೆ ನಡೆಯುತ್ತದೆ, ಮನೆಯವರು ಪಕ್ಕದಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಕುಳಿತ ಭಂಗಿಯಲ್ಲಿಯೇ ಸಮಾಧಿ. ಆ ದಿನ ದರ್ಶನಕ್ಕೆ ಬರುವವರು ಇರಲಿಲ್ಲ, ಭಜನೆಯೂ ಇರಲಿಲ್ಲ. ಫೋಟೊ ಮಾತ್ರ ಅಪ್ಪ ತೆಗೆದರು.

ಗಡಿ ತೆರೆದ ಮೇಲೆ ಆಯಿ ನಮ್ಮ ಮನೆಗೆ ಬಂದಾಗ ಅಪ್ಪ ಅದನ್ನು ಅವಳ ಮುಂದೆ ಹಿಡಿದಿದ್ದರು. ಆಯಿ ಮುಖ ತಿರುಗಿಸಿದಳು.

"ಬ್ಯಾಡ. ನನ್ನ ಕಣ್ಣಾಗ ಅವರು ಸಿಲ್ಲೋಡ್ ಸ್ಟ್ಯಾಂಡಿನಾಗ ನಿಂತಾರ. ಬಸ್ಸಿನ ಖಿಡಕ್ಯಾಗಿಂದ ಚೀಲ ಕೊಡ್ಲತಾರ. ಹಂಗೇ ಇರ್ಲಿ ಬಿಡು."

ಫೋಟೊ ಮಾತ್ರವಲ್ಲ, ಆ ದಿನದ ಮಾತನ್ನೂ ಅವಳು ಕೇಳಲಿಲ್ಲ. ಯಾರಾದರೂ ಪ್ರಸ್ತಾಪಿಸಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಪ್ಪನಿಗೆ ಹೇಳಬೇಕಾದದ್ದು ಬಹಳ ಇತ್ತೆಂದು ನನಗೆ ಗೊತ್ತು. ಕೇಳುವವಳು ಕೇಳದಿದ್ದರೆ ಅವರಾದರೂ ಏನು ಮಾಡಿಯಾರು?

ರಾಕೇಶ ನನ್ನ ಕಾಲೇಜಿನ ಸಹಪಾಠಿ. ಅವನ ತಂದೆ ಜಯರಾಮ ಅವರದು ನಮ್ಮ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ಸಸ್ಯಾಹಾರಿ ಹೋಟೆಲು. ಅವರ ಮೂಲ ಊರು ಉಡುಪಿಯ ಹತ್ತಿರ. ನಾನು ರಸಾಯನಶಾಸ್ತ್ರದ ಪದವಿ ಮುಗಿಸಿ ನೀರು ಪರೀಕ್ಷಿಸುವ ಪ್ರಯೋಗಾಲಯ ಸೇರಿದೆ. ಅವನು ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಕ್ಯಾಮೆರಾ ಹಿಡಿದ. ಸಿಲ್ಲೋಡಿನ ಹಳೆಯ ಅಂಗಡಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವೆನೆಂದು ಹೊರಟವನು, ಮುತ್ಯಾನ ಕತೆ ಕೇಳಿ ಅದರಲ್ಲಿಯೇ ನಿಂತುಬಿಟ್ಟ. ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ವಾರಗಟ್ಟಲೆ ಕುಳಿತು ಆಯಿಯ ಮಾತನ್ನು ಚಿತ್ರಿಸಿಕೊಂಡ. ಅಪ್ಪ ಮನೆಯ ಫೋಟೊಗಳನ್ನೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರು.

ಆ ಚಿತ್ರ ಸಿಲ್ಲೋಡಿನ ಜಿಲ್ಲಾಸ್ಥಳವಾದ ಛತ್ರಪತಿ ಸಂಭಾಜಿನಗರದ ಸಾಹಿತ್ಯೋತ್ಸವಕ್ಕೆ ಆಯ್ಕೆಯಾಯಿತು. ಲೇಖಕರೂ ಚಿತ್ರ ನಿರ್ದೇಶಕರೂ ಓದುಗರನ್ನು ಎದುರುಗೊಳ್ಳುವ ಗೋಷ್ಠಿ. ಪ್ರದರ್ಶನದ ನಂತರ ರಾಕೇಶನ ಜೊತೆಗೆ ಆಯಿಯೂ ವೇದಿಕೆ ಏರಬೇಕು. ಅವಳ ಕನ್ನಡವನ್ನು ನಾನು ಮರಾಠಿಯಲ್ಲಿ ಹೇಳಬೇಕು. ಅಪ್ಪನಿಗೆ ರಜೆ ಸಿಗಲಿಲ್ಲ. ನಾವು ಮೂವರು ಹಿಂದಿನ ದಿನವೇ ರೈಲು ಹತ್ತಿದೆವು.

ಮನಮಾಡ ನಿಲ್ದಾಣ ದಾಟುವವರೆಗೆ ಆಯಿ ರಾಕೇಶನನ್ನು ಕಾಡಿದಳು.

"ಏನೋ ತಮ್ಮಾ, ನಿಮ್ಮಪ್ಪ ದ್ವಾಸಿ ಹಾಕಿ ಅರ್ಧ ದೇವಳಾಲಿಗಿ ಊಟಕ್ಕ ಹಾಕ್ತಾನ. ನೀ ಕ್ಯಾಮೆರಾದ ಡಬ್ಬಿ ಹೆಗಲಿಗಿ ಹಾಕ್ಕೊಂಡು ಮುದುಕ್ಯಾರ ಹಿಂದ ತಿರಗ್ತಿ. ಹೆಣ್ಣು ಕೊಡೋರು ಯಾರು ನಿನಗ?"

"ಈಗ ನೀವು ಸ್ಟಾರ್ ಅಲ್ವಾ ಅಜ್ಜಿ, ನೀವೇ ಹುಡುಕಿ ಕೊಡಿ ಮಾರಾಯ್ರೆ."

"ನಿಮ್ಮ ಕಡಿ ಮಾತು ಕೇಳಿದ್ರ ಸಾಲ್ಯಾಗ ಪಾಠ ಓದಿದಂಗ ಅನಸ್ತದ ನೋಡು. ಅದನ್ನ ಕೇಳಿ ಹುಡುಗಿ ನಿದ್ದಿ ಹೋಗ್ತಾಳ."

ಮರುದಿನ ಬೆಳಿಗ್ಗೆ, ಸಭಾಂಗಣದ ಹಿಂಬದಿಯ ಕೋಣೆಯಲ್ಲಿ, ಅನುವಾದಕ್ಕೆ ಸಿದ್ಧಳಾಗಲೆಂದು ರಾಕೇಶ ನನಗೆ ಇಯರ್‌ಫೋನ್ ಕೊಟ್ಟು ಲ್ಯಾಪ್‌ಟಾಪಿನಲ್ಲಿ ಇಡೀ ಚಿತ್ರವನ್ನು ತೋರಿಸಿದ. ಅಪ್ಪನೂ ನಾನೂ ಮೊದಲು ನೋಡಿದ್ದು ಕರಡು. ಕೊನೆಯ ಭಾಗ ಅದರಲ್ಲಿರಲಿಲ್ಲ. ಆಯಿ ಕಿಟಕಿಯ ಬಳಿ ಕುಳಿತು, ಹೊರಗೆ ಬೇವಿನ ಮರದ ಕೆಳಗೆ ಪುಸ್ತಕದ ಮಳಿಗೆಗಳು ತೆರೆದುಕೊಳ್ಳುವುದನ್ನು ನೋಡುತ್ತಿದ್ದಳು.

ಚಿತ್ರದ ಕೊನೆಯಲ್ಲಿ ಆ ಫೋಟೊ ಬಂತು. ರುಮಾಲು, ವಿಭೂತಿ, ಚೆಂಡುಹೂವಿನ ಮಾಲೆ, ಮುಚ್ಚಿದ ಕಣ್ಣು. ಹಿನ್ನೆಲೆಯಲ್ಲಿ ರಾಕೇಶನ ಧ್ವನಿ ಮರಾಠಿಯಲ್ಲಿ ಹೇಳಿತು: ಕೊನೆಗೊಂದು ದಿನ ಊರು ಈ ವ್ಯಾಪಾರಿಯನ್ನು ಹೂವಿನಲ್ಲಿ ಕೂರಿಸಿ ಸನ್ಮಾನಿಸಿತು, ಆ ಕ್ಷಣದ ಧನ್ಯತೆಯಲ್ಲಿ ಅವರು ಕಣ್ಣು ಮುಚ್ಚಿದ್ದಾರೆ.

ನಾನು ಚಿತ್ರವನ್ನು ನಿಲ್ಲಿಸಿದೆ. ಅವನನ್ನು ಹೊರಗಿನ ಮೊಗಸಾಲೆಗೆ ಕರೆದುಕೊಂಡು ಹೋಗಿ, ಅದು ಮುತ್ಯಾ ತೀರಿಕೊಂಡ ದಿನದ ಫೋಟೊ ಎಂದು ಹೇಳಿದೆ. ಆಯಿ ಇದನ್ನು ಎಂದೂ ನೋಡಿಲ್ಲವೆಂಬುದನ್ನೂ ಹೇಳಿದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಂತರ ಗೋಡೆಗೆ ಒರಗಿ ನಿಂತ.

"ಸತ್ತವರನ್ನು ಕೂರಿಸ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಂಜು. ನಮ್ಮಲ್ಲಿ ಸುಡೋದು. ನಾನು ಗುರುಗಳೋ ಯಾರೋ ಬಂದು ಸನ್ಮಾನ ಮಾಡಿದ್ದು ಅಂತ ತಿಳ್ಕೊಂಡೆ."

"ಅಪ್ಪನ್ನ ಕೇಳಬೇಕಿತ್ತು."

"ಮರಾಠಿ ಮನೆ ಆಗಿದ್ರೆ ಪ್ರತಿಯೊಂದು ಫೋಟೊಗೂ ಕೇಳ್ತಿದ್ದೆ. ನಮ್ಮವರೇ ಅಲ್ವಾ ಅಂತ..."

ಅಪ್ಪನೂ ಇದೇ ಕಾರಣಕ್ಕೆ ಏನನ್ನೂ ಹೇಳಿರಲಿಲ್ಲ. ಕನ್ನಡದ ಹುಡುಗ, ನೋಡಿದೊಡನೆ ತಿಳಿಯುತ್ತಾನೆ ಎಂದುಕೊಂಡಿದ್ದರು. ಫೋನು ಮಾಡಿದೆ. ವಿಷಯ ಕೇಳಿದ ಅವರು ಹೇಳಿದ್ದು ಒಂದೇ ಮಾತು: "ತೆಗಿಸಿಬಿಡು. ಆಕಿಗಿ ಹೇಳಬ್ಯಾಡ."

ತೆಗೆಯುವುದು ಕಷ್ಟವಾಗಿರಲಿಲ್ಲ. ಪ್ರದರ್ಶನ ಮಧ್ಯಾಹ್ನಕ್ಕಿತ್ತು. ರಾಕೇಶ ಆಗಲೇ ಲ್ಯಾಪ್‌ಟಾಪಿನತ್ತ ಹೊರಟಿದ್ದ. ನಾವು ಒಳಗೆ ಕಾಲಿಟ್ಟಾಗ ಆಯಿ ಲ್ಯಾಪ್‌ಟಾಪನ್ನು ನೋಡದೆ ನಮ್ಮಿಬ್ಬರ ಮುಖವನ್ನು ನೋಡಿದಳು.

"ಏನಾಯ್ತು? ಇಬ್ಬರ ಮಾರಿನೂ ಸುಣ್ಣ ಬಡಕೊಂಡಂಗ ಆಗ್ಯಾವಲ್ಲ."

ಏನೂ ಇಲ್ಲ ಎನ್ನಬಹುದಿತ್ತು. ಆದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವಳ ಮಾತನ್ನು ಒಂದಿಷ್ಟೂ ಬಿಡದೆ ಜನರ ಮುಂದಿಡುವೆನೆಂದು ಒಪ್ಪಿಕೊಂಡವಳು ನಾನು. ಅವಳ ಗಂಡನ ವಿಷಯವನ್ನು ಅವಳಿಂದಲೇ ಮುಚ್ಚಿಡುವುದು ನನ್ನಿಂದಾಗಲಿಲ್ಲ. ಆದದ್ದನ್ನು ಹೇಳಿದೆ. ತೆಗೆಯುತ್ತಿದ್ದೇವೆ ಎಂದೂ ಹೇಳಿದೆ.

ಅಡುಗೆಮನೆಗೆ ಎದ್ದು ಹೋಗಲು ಅಲ್ಲಿ ಅಡುಗೆಮನೆ ಇರಲಿಲ್ಲ. ಆಯಿ ರಾಕೇಶನನ್ನು ಕೇಳಿದಳು.

"ಇದಕ್ಕೂ ಮುಂಚಿ ಎಲ್ಲೆಲ್ಲಿ ತೋರ್ಸಿದಿ?"

"ಎರಡು ಊರಲ್ಲಿ ಅಜ್ಜಿ."

"ಅವರ ಫೋಟೊ ಬಂದಾಗ ಮಂದಿ ಏನ್ ಮಾಡಿದ್ರು?"

ರಾಕೇಶ ತಲೆ ತಗ್ಗಿಸಿದ. "ಚಪ್ಪಾಳೆ ಹೊಡೆದ್ರು."

"ಹಾಂ." ಆಯಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು. "ಅವರನ್ನ ಕಂಡಿಲ್ಲದ ಮಂದಿ ನೋಡ್ಯಾರ. ನಾ ಒಬ್ಬಾಕಿ ಮಾರಿ ತಿರುಗಿಸಿ ಕುಂತೀನಿ."

"ಅಜ್ಜಿ, ನಾನು ಈಗಲೇ ತೆಗೀತೇನೆ. ತಪ್ಪಾಯ್ತು."

"ತೆಗೀಬ್ಯಾಡ."

ನಾನು ಅವಳ ಪಕ್ಕದಲ್ಲಿ ಕುಳಿತೆ. "ಆಯಿ, ಹಂಗಾದ್ರ ಇಲ್ಲೇ ಒಮ್ಮೆ ನೋಡು. ಮಂದಿ ನಡುವ ಒಮ್ಮೆಲೇ ಬ್ಯಾಡ."

"ಈ ಸಣ್ಣ ಪೆಟ್ಟಿಗ್ಯಾಗ ನೋಡೂದು ಏನದ? ಕೂಡ್ಸೂದು ಯಾತಕ್ಕ ಮಂಜು? ಮಂದಿ ಬಂದು ನೋಡ್ಲಿ ಅಂತ. ಅವತ್ತ ಮಂದಿ ಬರ್ಲಿಲ್ಲ. ಇವತ್ತ ಬಂದಾರ." ಅವಳು ರಾಕೇಶನ ಕಡೆ ತಿರುಗಿದಳು. "ಸನ್ಮಾನ ಅಂತ ಹೇಳೀದಿಯಲ್ಲ, ಆ ಮಾತು ತೆಗಿ. ಬ್ಯಾರೆ ಏನೂ ಹೇಳಬ್ಯಾಡ. ಎಷ್ಟೊತ್ತು ತೋರಸ್ತಿ ಅವರನ್ನ?"

"ನಾಲ್ಕೈದು ಸೆಕೆಂಡು."

"ಅಷ್ಟರಾಗ ಯಾರಿಗಿ ದರ್ಶನ ಆಗ್ತದೋ ಶಾಣ್ಯಾ? ಜರಾ ಹೊತ್ತು ಇಡು."

ರಾಕೇಶ ಧ್ವನಿಯನ್ನು ಅಳಿಸಿ, ಫೋಟೊ ತೆರೆಯ ಮೇಲೆ ನಿಲ್ಲುವ ಹೊತ್ತನ್ನು ಹೆಚ್ಚಿಸಿದ. ಅವನು ಕೆಲಸ ಮಾಡುವಷ್ಟು ಹೊತ್ತೂ ಆಯಿ ಪರದೆಯ ಕಡೆ ಬೆನ್ನು ಮಾಡಿ ಕುಳಿತಿದ್ದಳು. ಅಪ್ಪನಿಗೆ ಮತ್ತೆ ಫೋನು ಮಾಡಲು ನನಗೆ ಧೈರ್ಯ ಸಾಲದೆ, ಆಯಿ ಫೋಟೊ ನೋಡುತ್ತಾಳಂತೆ ಎಂದು ಒಂದು ಸಂದೇಶ ಬರೆದೆ. ಉತ್ತರ ಬರಲಿಲ್ಲ.

ಸಭಾಂಗಣ ತುಂಬಿತ್ತು. ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ತೆರೆಯ ಮೇಲೆ ಸಿಲ್ಲೋಡಿನ ಮಾರುಕಟ್ಟೆ ಬಂತು, ಹತ್ತಿಯ ಗಾಡಿಗಳು ಬಂದವು, ಆಯಿ ತನ್ನದೇ ಮುಖವನ್ನು ನೋಡಿ "ಎಷ್ಟ್ ಮಾತಾಡ್ತೀನಿ ನಾ" ಎಂದು ಗೊಣಗಿದಳು. ಕೊನೆ ಹತ್ತಿರವಾದಂತೆ ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಫೋಟೊ ಬಂದಾಗ ಅವಳು ಮುಖ ತಿರುಗಿಸುವಳೋ ಎಂದು ನಾನು ತೆರೆಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ತೆರೆಯ ತುಂಬ ಮುತ್ಯಾ ಬಂದರು. ಶಬ್ದವಿಲ್ಲ. ಹಿಂದೆಲ್ಲೋ ಯಾರೋ ಚಪ್ಪಾಳೆ ಆರಂಭಿಸಿ, ತಾವೊಬ್ಬರೇ ಎಂದು ತಿಳಿದು ನಿಲ್ಲಿಸಿದರು.

ಆಯಿ ನೋಡಿದಳು. ಮೊದಲು ಕೈ ಮುಗಿದಳು. ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಬಾಗಿಲಿಗೆ ಬಂದವರನ್ನು ಗುರುತು ಹಿಡಿಯುವವಳಂತೆ, ಹಣೆಯಿಂದ ಕೆಳಗೆ ಒಂದೊಂದನ್ನೇ ನೋಡುತ್ತ ಬಂದಳು. ಆ ಮೌನದಲ್ಲಿ ಅವಳ ಪಿಸುಮಾತು ಹಿಂದಿನ ಸಾಲಿನವರಿಗೂ ಕೇಳಿಸಿತು.

"ಗಡ್ಡ ಯಾರ್ ಮಾಡ್ಯಾರ?"

"ಅಪ್ಪ."

"ಗದ್ದದ ಬಾಜೂಕ ಗೀರ್ಯಾನ ನೋಡು."

ನಾನು ಆ ಫೋಟೊವನ್ನು ಎಷ್ಟೋ ಸಲ ನೋಡಿದ್ದೆ. ಆ ಗೆರೆ ನನಗೆ ಎಂದೂ ಕಂಡಿರಲಿಲ್ಲ.

ದೀಪಗಳು ಬೆಳಗಿದವು. ನಮ್ಮನ್ನು ವೇದಿಕೆಗೆ ಕರೆದರು. ಗೋಷ್ಠಿಯನ್ನು ನಡೆಸುತ್ತಿದ್ದವರು ಮರಾಠಿಯ ಒಬ್ಬ ಹಿರಿಯ ಕಾದಂಬರಿಕಾರ್ತಿ. ಅವರ ಮೊದಲ ಪ್ರಶ್ನೆಯೇ ಅದಾಗಿತ್ತು: ಕೊನೆಯ ಚಿತ್ರದಲ್ಲಿ ನಿಮ್ಮ ಯಜಮಾನರು ಹೂವಿನ ನಡುವೆ ಕುಳಿತಿದ್ದಾರೆ, ಅದು ಯಾವ ಸಮಾರಂಭ?

ರಾಕೇಶ ಮೈಕು ಎತ್ತಿಕೊಂಡ. "ಇದಕ್ಕೆ ನಾನು ಉತ್ತರ ಕೊಡಬೇಕು," ಎಂದು ಮರಾಠಿಯಲ್ಲಿ ಆರಂಭಿಸಿದ. ಆಯಿ ಅವನ ಮೊಣಕೈಯನ್ನು ತಟ್ಟಿದಳು.

"ನೀ ಸುಮ್ಕೂಡು ತಮ್ಮಾ. ನನಗ ಕೇಳ್ಯಾರ."

ಅವಳು ಕನ್ನಡದಲ್ಲಿ ಹೇಳಿದಳು. ಅದು ಸಮಾರಂಭ ಅಲ್ಲ, ಅವರು ಹೋಗಿದ್ದಾರೆ, ನಮ್ಮಲ್ಲಿ ಹೀಗೆ ಕೂರಿಸಿಯೇ ಕಳಿಸುವುದು, ಎಂದಳು. ಅವತ್ತು ತಾನು ಇರಲಿಲ್ಲ, ಊರಿನವರೂ ಬರುವಂತಿರಲಿಲ್ಲ. ತಾನು ಅವರ ಈ ಮುಖವನ್ನು ಕಂಡದ್ದು ಈಗ, ನಿಮ್ಮ ಜೊತೆಗೇ, ಎಂದಳು. ಅವಳು ಹೇಳಿ ಮುಗಿಸಿದಾಗ ಆ ಸಭೆಯಲ್ಲಿ ಅವಳ ಕನ್ನಡ ತಿಳಿದವರು ನಾವು ಮೂವರು ಮಾತ್ರ. ಉಳಿದವರು ನನ್ನ ಮುಖವನ್ನು ನೋಡುತ್ತ ಕಾಯುತ್ತಿದ್ದರು. ನಾನು ಮೈಕಿನಲ್ಲಿ ಅದನ್ನು ಮರಾಠಿಯಲ್ಲಿ ಹೇಳಿದೆ, ವಾಕ್ಯಕ್ಕೆ ವಾಕ್ಯ. ಒಂದು ವಾಕ್ಯವನ್ನು ಎರಡು ಸಲ ಹೇಳಬೇಕಾಯಿತು.

ರಾಕೇಶ, ತಾನು ಅದನ್ನು ಸನ್ಮಾನವೆಂದು ತಿಳಿದು ಎರಡು ಊರುಗಳಲ್ಲಿ ಹಾಗೆಯೇ ತೋರಿಸಿದೆನೆಂದು ಎದ್ದು ನಿಂತು ಹೇಳಿದ. ಆ ಊರುಗಳಿಗೆ ಮತ್ತೆ ಹೋಗುವೆನೆಂದ. ಅವನಿಗೂ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಆಗ ನಡುವಿನ ಸಾಲಿನಿಂದ ಬಿಳಿ ಟೋಪಿಯ ವೃದ್ಧರೊಬ್ಬರು ಎದ್ದರು. ಸಿಲ್ಲೋಡಿನಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದವರಂತೆ. ಆ ದಿನ ತಾವು ಊರಲ್ಲಿಯೇ ಇದ್ದುದಾಗಿ, ಲಾಕ್‌ಡೌನಿಗೆಂದು ಓಣಿಯ ತುದಿಯಲ್ಲಿ ಬೊಂಬು ಅಡ್ಡ ಕಟ್ಟಿದ್ದರಿಂದ ಮಾಳಿಗೆಯ ಮೇಲೆ ನಿಂತು ಕೈ ಮುಗಿದುದಾಗಿ ಹೇಳಿದರು. "ಬರಲಿಲ್ಲ ಎಂದು ಮನಸ್ಸಿನಲ್ಲಿ ಉಳಿದಿತ್ತು ವಹಿನಿ," ಎಂದರು, ಅತ್ತಿಗೆಯನ್ನು ಕರೆಯುವಂತೆ.

ಆಯಿಗೆ ನಾನು ಅನುವಾದಿಸಬೇಕಾಗಲಿಲ್ಲ. "ಈಗ ಬಂದ್ರಲ್ರಿ," ಎಂದಳು.

ಹೊರಗೆ ಬಂದಾಗ ಮಳಿಗೆಗಳ ಮುಂದೆ ಓದುಗರು ಪುಸ್ತಕಗಳಿಗೆ ಹಸ್ತಾಕ್ಷರ ಹಾಕಿಸಿಕೊಳ್ಳುತ್ತಿದ್ದರು. ಕೆಲವರು ಆಯಿಯ ಹತ್ತಿರ ಬಂದು, ಸಾವಿನ ಮನೆಗೆ ಬಂದವರಂತೆ, ಏನೂ ಹೇಳದೆ ಒಂದು ಕ್ಷಣ ನಿಂತು ಹೋದರು. ರಾಕೇಶ ಎಲ್ಲಿಂದಲೋ ಒಂದು ಕುರ್ಚಿ ತಂದು ಹಾಕಿ, ದೂರ ಹೋಗಿ ನಿಂತ.

"ಗುರುಬಸವಗ ಫೋನ್ ಹಚ್ಚು," ಎಂದಳು ಆಯಿ.

ಅಪ್ಪ ಒಂದೇ ರಿಂಗಿಗೆ ಎತ್ತಿದರು. ಫೋನಿನ ಮಾತು ಆಯಿಗೆ ಸರಿಯಾಗಿ ಕೇಳಿಸದು. ನಾನು ಸ್ಪೀಕರ್ ಹಾಕಿ ಹಿಡಿದುಕೊಂಡೆ.

"ಅವ್ವಾ."

"ನೋಡ್ದೆನಪಾ."

ಆಯಿ ಫೋನಿನತ್ತ ಬಾಗಿದಳು.

"ಗಡ್ಡ ನೀನೇ ಮಾಡಿದ್ದಿ?"

"ಅಂಗಡಿ ಎಲ್ಲ ಬಂದ್ ಇದ್ದವು ಅವ್ವಾ. ನಾನೇ ಮಾಡ್ದೆ. ಕೈ ನಡಗ್ಲತಿತ್ತು."

"ಅದಕ್ಕೇ ಗೀರೀದಿ." ಆಯಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ನೀರು ಬಿಸಿ ಮಾಡಿದ್ದಿ ಇಲ್ಲೊ? ತಣ್ಣೀರು ಅವರಿಗಿ ಆಗ್ತಿದ್ದಿಲ್ಲ."

"ಮಾಡಿದ್ದೆ ಅವ್ವಾ. ಎರಡು ಸಲ ಮಾಡ್ದೆ. ಮೊದಲಿಂದು ಆರಿ ಹೋಗಿತ್ತು."

"ಹಾಂ," ಎಂದಳು ಆಯಿ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಿಯ ಹತ್ತಿರಕ್ಕೆ ತಂದಳು. "ಆಮ್ಯಾಲ? ಆಮ್ಯಾಲ ಏನ್ ಮಾಡಿದ್ರಿ? ಹೇಳು, ನಾ ಕೇಳ್ಲತೀನಿ."