ಐದನೆಯ ಮಂಗಳವಾರದ ಪ್ರಿಂಟರ್

ಕಲರ್ ಲೇಸರ್ ಪ್ರಿಂಟರ್ ಆರಿಸಲೆಂದು ಅಕ್ಕಲಕೋಟದ ಧನರಾಜ ಸೊಲ್ಲಾಪುರಕ್ಕೆ ಬಂದದ್ದು ಇದು ಐದನೆಯ ಮಂಗಳವಾರ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಓಡಾಡುವುದಿಲ್ಲ. ಊರಿನ ಬಸ್ ನಿಲ್ದಾಣದ ಎದುರು ಅವನದೊಂದು ಝೆರಾಕ್ಸ್ ಅಂಗಡಿ. ಯಾವ ಯಂತ್ರ ನಿಮಿಷಕ್ಕೆ ಎಷ್ಟು ಹಾಳೆ ತೆಗೆಯುತ್ತದೆ, ಯಾವುದರ ಟೋನರ್ ಪುಡಿ ಅಗ್ಗ, ಯಾವುದು ಎರಡೂ ಮಗ್ಗುಲು ತಾನೇ ಮುದ್ರಿಸುತ್ತದೆ ಎಂಬುದೆಲ್ಲ ಮೊದಲ ಮಂಗಳವಾರವೇ ಬಾಯಿಪಾಠವಾಗಿತ್ತು. ಆದರೆ ಆರಿಸಿಬಿಟ್ಟರೆ ಮತ್ತೆ ಬರಲು ನೆಪ ಉಳಿಯುವುದಿಲ್ಲವಲ್ಲ, ಅದೇ ತೊಂದರೆ.

ಯಾಕೆಂದರೆ ಸೊಲ್ಲಾಪುರದ ನವಿ ಪೇಠ ಬಜಾರಿನಲ್ಲಿ ಅವನು ಹೋಗುತ್ತಿದ್ದ ಪ್ರಿಂಟರ್ ಅಂಗಡಿ ಉಮಾಬಾಯಿಯದು. ಗಂಡ ತೀರಿಕೊಂಡ ಮೇಲೆ ಆಕೆಯೇ ಅದನ್ನು ನಡೆಸುತ್ತಿದ್ದಳು. ಮೂವತ್ತೆರಡು ವರ್ಷದ ಹಿಂದೆ ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಅವನ ವರ್ಗದಲ್ಲೇ ಕಿಟಕಿಯ ಬಳಿ ಕೂರುತ್ತಿದ್ದ ಉಮಾ. ಮೊದಲ ದಿನ ಹೊಸ್ತಿಲಲ್ಲೇ ಅವನು ಗುರುತು ಹಿಡಿದಿದ್ದ. ಆಕೆ ಹಿಡಿದಿರಲಿಲ್ಲ. ತಾನಾಗಿ ಹೆಸರು ಹೇಳಬಹುದಿತ್ತು, ಆದರೆ ಅದು ಆಕೆಯ ಬಾಯಿಂದಲೇ ಬರಲಿ ಎಂಬ ಹುಚ್ಚು ಆಸೆ. ಹೆಂಡತಿ ಸತ್ತು ಆರು ವರ್ಷವಾದ ಮನುಷ್ಯನಿಗೆ ಇದೆಲ್ಲ ಬೇಕಿತ್ತೇ ಎಂದು ಕೇಳುವವರು ಕೇಳಲಿ. ಅವನಿಗೆ ಬೇಕಿತ್ತು.

"ಬರ್ರಿ ಅಣ್ಣಾರ," ಎಂದಳು ಉಮಾಬಾಯಿ. ಎಲ್ಲ ಗಿರಾಕಿಗಳಿಗೂ ಆಕೆ ಹಾಗೆಯೇ ಅನ್ನುತ್ತಾಳೆಂದು ಗೊತ್ತಿದ್ದರೂ ಅವನ ಮೋರೆ ಸಪ್ಪಗಾಯಿತು. "ಇವತ್ತರ ಒಂದ ಹಾಳಿ ತಗದ ನೋಡ್ರಿ. ಪ್ರಿಂಟ್ ನೋಡಲಾರದ ಮಷೀನ್ ಹೆಂಗ ಆರಸ್ತೀರಿ?"

ಅದಕ್ಕೆಂದೇ ಅವನು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಮೊಬೈಲಿನಿಂದ ಒಂದು ಫೋಟೊ ಕಳಿಸಿದ.

"ಫೋಟೊ ಏನ್ರಿ? ಫೋಟೊಕ್ಕ ಶಾಯಿ ಮಷೀನ್ ಛಲೋ. ಲೇಸರ್ ಏನಿದ್ರೂ ಕಾಗದಪತ್ರಕ್ಕ," ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಆಕೆ ಗುಂಡಿ ಒತ್ತಿದಳು. ಯಂತ್ರ ಗುರ್ರೆಂದು ಬಿಸಿ ಹಾಳೆಯೊಂದನ್ನು ಹೊರಗೆ ತಳ್ಳಿತು. ಏಳನೆಯ ವರ್ಗದ ಗುಂಪು ಫೋಟೊ.

ಉಮಾಬಾಯಿ ಚಷ್ಮಾ ಏರಿಸಿದಳು. "ಅಯ್ಯ ನಮ್ಮವ್ವ! ಇಕಿ ನಾನ ಅಲ್ಲೇನ?" ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ಇಕಿ ಕಲ್ಯಾಣಿ. ಇಂವ ಗುರುಸಿದ್ಧ, ದಿನಾ ಬಡಿಸ್ಕೋತಿದ್ದ." ಬೆರಳು ಸಾಲು ಹಿಡಿದು ಸರಿಯುತ್ತ, ಫೋಟೊದಲ್ಲಿ ಆಕೆಯ ಬೆನ್ನ ಹಿಂದೆಯೇ ತಲೆಗೆ ಎಣ್ಣೆ ಸುರಿದುಕೊಂಡು ನಿಂತ ಹುಡುಗನ ಹತ್ತಿರ ಬಂತು. ಧನರಾಜ ಮುಂದಕ್ಕೆ ಬಾಗಿದ.

"ಇಂವೊಬ್ಬ ಯಾರೋ ಏನೋ, ನೆನಪಾಗವಲ್ದು ನೋಡ್ರಿ." ಬೆರಳು ಮುಂದೆ ಹೋಯಿತು.

ಎದೆ ಒಡೆಯಿತು ಎಂದರೆ ಹೆಚ್ಚಾದೀತು. ಆದರೆ ನೋವಾಯಿತು, ಬಹಳ ನೋವಾಯಿತು.

"ಇದು ನಿಮ್ಮ ಕಡೆ ಹೆಂಗ ಬಂತ್ರಿ?"

"ಗಿರಾಕಿದ್ರಿ. ಸ್ಕ್ಯಾನ್ ಮಾಡಾಕ ಕೊಟ್ಟಿದ್ರು," ಎಂದುಬಿಟ್ಟ.

"ಹಂಗಾರ ಈ ಹಾಳಿ ನಾ ಇಟ್ಕೊಳ್ಲೇನ್ರಿ? ಪುಣ್ಯಾ ಬರತೈತಿ ನಿಮಗ."

"ಇಟ್ಕೋರಿ."

ಇನ್ನು ಆರಿಸುವುದೇನು ಉಳಿದಿತ್ತು? ಆ ಹಾಳೆ ತೆಗೆದ ಯಂತ್ರವನ್ನೇ ಕಟ್ಟಿಕೊಡಲು ಹೇಳಿದ. ಬಿಲ್ಲಿಗೆ ಹೆಸರು ಕೇಳಿದಾಗ ತನ್ನ ಅಂಗಡಿಯ ಹೆಸರು ಬರೆಸಿದ.

"ಇನ್ನ ಟೋನರ್ ಮುಗಿಯೂತನಕಾ ನಿಮಗ ಇಷ್ಟ ದೂರ ಬರೂ ತ್ರಾಸ ಇಲ್ಲ. ಬಣ್ಣ ಕಡಿಮಿ ಬಳಸಿದ್ರ ವರ್ಷ ಬರತೈತಿ," ಎಂದಳು ಉಮಾಬಾಯಿ, ಒಳ್ಳೆಯ ಮನಸ್ಸಿನಿಂದಲೇ. ಮತ್ತೆ ಹಾಳೆಯತ್ತ ನೋಡಿದಳು. "ಬರೂಮುಂದ ಆ ಗಿರಾಕಿನ್ನ ಕೇಳಿ ಬರ್ರಿ, ಈ ಹುಡುಗ ಯಾರಂತ. ತಲಿಯಾಗ ಹುಳಾ ಬಿಟ್ಟಂಗ ಆಗೇತಿ."

ಆಕೆ ಕೇಳಿದ್ದು ಅವನ ಹೆಸರನ್ನೇ. ಅಲ್ಲೇ ಹೇಳಬಹುದಿತ್ತು. ಹೇಳದೆ ಪೆಟ್ಟಿಗೆ ಎತ್ತಿಕೊಂಡು ಹೊರಟ. ಪೆಟ್ಟಿಗೆಯನ್ನು ಎಸ್‌ಟಿ ಬಸ್ಸಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಊರು ಮುಟ್ಟುವವರೆಗೂ ತನ್ನನ್ನೇ ಬೈದುಕೊಂಡ. ಮುಂದಿನ ಸಲ ಹೇಳಿಯೇ ಸೈ ಎಂದುಕೊಂಡ. ಆದರೆ ಒಂದು ವರ್ಷ ಕಾಯುವುದು ಅವನಿಂದಾಗುವ ಮಾತಲ್ಲ.

ಮರುದಿನ ಬೆಳಿಗ್ಗೆ ಮೊದಲು ಬಂದವಳು ಸಕ್ಕುಬಾಯಿ ಎಂಬ ಮುದುಕಿ. ಹೊಲದ ಉತಾರದ, ಅಂದರೆ ಪಹಣಿಯ, ಪ್ರತಿ ಬೇಕಿತ್ತು. ಬರೀ ಕಪ್ಪು ಅಕ್ಷರದ ಆ ಕಾಗದಕ್ಕೆ ಧನರಾಜ ಸುತ್ತಲೂ ಕೆಂಪು, ಹಳದಿ, ನೀಲಿಯ ಅಂಗೈ ಅಗಲದ ಅಂಚು ಹಾಕಿ ತೆಗೆದುಕೊಟ್ಟ.

"ಇದೇನೋ ತಮ್ಮಾ, ಲಗ್ನಪತ್ರಿಕಿ ಮಾಡೀಯಲ್ಲ? ರೊಕ್ಕಾ ಹೆಚ್ಚ ಕೇಳ್ತೀಯೇನ?"

"ಇಲ್ಲವ್ವಾ, ಅಷ್ಟ," ಎಂದ ಧನರಾಜ. "ಇನ್ನೊಂದ ಹತ್ತ ಪ್ರತಿ ತಗೀಲೇನ?"